ಚಾ ಮಾಡಾಕ ಹೋದವರ ಹಾಜರಿ

ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ನಳ ಬಂದರೆ ಡ್ರಮ್ಮು ತುಂಬಿಸುವುದು. ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ ಮೊದಲ ಪಾಳಿಗೆ ಹೊರಡುವ ಗಂಡ ರಾಮಾಂಜಿನಿಗೆ ಡಬ್ಬಿ ಕಟ್ಟುವುದು. ಅತ್ತೆ ವಿರೂಪಮ್ಮನ ಮಂಡಿಗೆ ಎಣ್ಣೆ ಕಾಯಿಸುವುದು, ಅವಳ ಮಧ್ಯಾಹ್ನದ ಊಟಕ್ಕೆ ರೊಟ್ಟಿ ಬಡಿದು ಮುಚ್ಚಿಡುವುದು. ಇಷ್ಟಾದರೂ ಕುರುಗೋಡಿನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ.

ವಿಜಯಲಕ್ಷ್ಮಿ ಬಾದನಹಟ್ಟಿಯ ಶಾಲೆಯಲ್ಲಿ ಶಿಕ್ಷಕಿ. ಈ ಮಳೆಗಾಲ ಅವಳಿಗೆ ಇನ್ನೊಂದು ಕೆಲಸ ಹಚ್ಚಿದ್ದರು: ಸಿರುಗುಪ್ಪ ಕಡೆಯ ಹೊಳೆದಂಡೆಯ ಶಾಲೆಗಳು ನೆರೆಗೆ ಎಷ್ಟು ತಯಾರಾಗಿವೆ ಎಂದು ನೋಡಿ ವರದಿ ಕೊಡುವುದು. ಅಂದು ಕೊನೆಯ ಶಾಲೆ.

"ಇವತ್ತಿಗೆ ಮುಗೀತಲ್ಲ ನಿನ್ನ ತಿರುಗಾಟ?" ವಿರೂಪಮ್ಮ ಮಲಗಿದಲ್ಲಿಂದಲೇ ಕೇಳಿದಳು. "ತಣ್ಣನ ರೊಟ್ಟಿ ತಿಂದು ಹಲ್ಲು ಸವದಾವು."

"ಇರೋವ ಎರಡು ಹಲ್ಲು, ಅತ್ತಿ. ಇವತ್ತ ಕಡೀದು."

ಶಾಲೆ ನೋಡಲು ಅಚ್ಚುಕಟ್ಟಾಗಿತ್ತು. ಗೋಡೆಯ ಮೇಲೆ ದಾರಿ ತೋರಿಸುವ ಬಾಣಗಳು, ಮೊಳೆಗೆ ನೇತುಹಾಕಿದ ಹಗ್ಗ, ಟಾರ್ಚು, ಔಷಧದ ಪೆಟ್ಟಿಗೆ. ನೆರೆ ಬಂದರೆ ಏನು ಮಾಡಬೇಕೆಂಬ ಅಭ್ಯಾಸ ತೋರಿಸಲು ಹೆಡ್‌ಮಾಸ್ತರು ಪಾಲಯ್ಯ ತಾವೇ ಉದ್ದನೆಯ ಗಂಟೆ ಬಾರಿಸಿದರು. ಮಕ್ಕಳು ಚೀಲ ಬಿಟ್ಟು, ಚಿಕ್ಕವರ ಕೈ ಹಿಡಿದು ಮೇಲಂತಸ್ತಿಗೆ ಏರಿದರು. ಯಾರೂ ನೂಕಾಡಲಿಲ್ಲ.

ಅಲ್ಲಿ ಏಳನೆಯ ತರಗತಿಯ ಹಾಜರಿ ಕೂಗಿದಾಗ ದುರ್ಗಾದೇವಿಯ ಹೆಸರಿಗೆ ಹುಡುಗನೊಬ್ಬ, "ಚಾ ಮಾಡಾಕ ಹೋಗ್ಯಾಳ್ರಿ" ಎಂದ. ಪಾಲಯ್ಯ "ಹೂಂ" ಎಂದು, ಅವಳನ್ನು ಬಂದವರಲ್ಲಿ ಸೇರಿಸಿ ಮುಂದೆ ಹೋದರು. ಜ್ಯೋತಿಲಕ್ಷ್ಮಿಯ ಹೆಸರಿಗೂ ಹಾಗೇ ಆಯಿತು.

ವಿಜಯಲಕ್ಷ್ಮಿ ಇಳಿದು ಹಿತ್ತಲಿನ ಅಡುಗೆಕೋಣೆಗೆ ಹೋದಳು. ಶಾಲೆಯಲ್ಲೇ ತಗ್ಗಿನ ಜಾಗ ಅದು. ಹೊಳೆ ಏರಿದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ. ಇಬ್ಬರು ಹುಡುಗಿಯರೂ ಒಲೆಯ ಮುಂದೆ ನಿಂತಿದ್ದರು.

"ಗಂಟಿ ಕೇಳ್ಸಲಿಲ್ಲೇನ್ರವಾ?"

"ಕೇಳ್ಸಿತ್ರಿ ಮಿಸ್. ಹಾಲು ಉಕ್ಕಾಕ ಬಂದಿತ್ತು. ಚೆಲ್ಲಿದ್ರ ಬೈತಾರ."

"ಯಾರಿಗೆ ಈ ಚಾ?"

ದುರ್ಗಾದೇವಿ ಗೆಳತಿಯ ಮುಖ ನೋಡಿ ನಕ್ಕಳು. "ನಿಮಗ ರೀ!"

ವಿಜಯಲಕ್ಷ್ಮಿ ಒಲೆ ಆರಿಸಿದಳು. ಹೋದ ಶಾಲೆಗಳಲ್ಲೆಲ್ಲ ಅವಳಿಗೆ ಚಹಾ ಬಂದಿತ್ತು. ತಂದವರ ಮುಖ ಒಂದೂ ನೆನಪಾಗಲಿಲ್ಲ.

"ಬರೇ ಚಾ ಅಲ್ಲೇನ್ರಿ ಮೇಡಂ," ಆಫೀಸು ಕೋಣೆಯಲ್ಲಿ ಪಾಲಯ್ಯ ನಕ್ಕರು. "ಖರೇನ ನೀರು ಬಂದ್ರ ಓಡಿ ಬರಂಗಿಲ್ಲೇನು?"

"ಓಡಿ ಬರದಿದ್ರ ಯಾರಿಗೆ ಗೊತ್ತಾಗ್ತೈತಿ ಸರ್? ಹಾಜರಿ ಹಾಕಿಬಿಟ್ಟೀರಲ್ಲ."

ಅವರ ನಗು ಸಣ್ಣದಾಯಿತು. "ಮಾದರಿ ಸಾಲಿ ಆಗ್ಲಿ ಅಂತ ಹುಡುಗ್ರು ತಿಂಗಳಿಂದ ದುಡದಾರ. ಫೇಲ್ ಮಾಡಿದ್ರ ಶನಿವಾರ ಮತ್ತ ನಡಸಬೇಕು, ನೋಡಾಕ ನೀವ ಬರಬೇಕು. ಅವತ್ತ ಮುಂಜಾನಿ ಸಾಲಿ ಐತಿ. ನಸುಕಿನ ಬಸ್ಸು ಹಿಡೀಬೇಕಾಗ್ತೈತಿ. ಮನಿ ಕೆಲಸ ಇರ್ತಾವು, ವಿಚಾರ ಮಾಡ್ರಿ." ಊಟದ ಗಂಟೆ ಬಾರಿಸಲು ಅವರು ಎದ್ದು ಹೋದರು.

ಅವರು ಹೇಳಿದ್ದು ಸುಳ್ಳಲ್ಲ. ನಸುಕಿನ ಬಸ್ಸೆಂದರೆ ನಡುರಾತ್ರಿಯೇ ಎದ್ದು ರೊಟ್ಟಿ ಬಡಿಯಬೇಕು. ಶಾಲೆ ತಯಾರಾಗಿದೆ ಎಂದು ಸಹಿ ಹಾಕಿದರೆ ಇಂದಿಗೇ ಎಲ್ಲ ಮುಗಿಯುತ್ತದೆ. ಕಿಟಕಿಯಾಚೆ ದುರ್ಗಾದೇವಿ ಎಲ್ಲರಿಗೂ ತಟ್ಟೆ ಹಂಚುತ್ತಿದ್ದಳು.

ವಿಜಯಲಕ್ಷ್ಮಿ ಪೆನ್ನು ತೆಗೆದು "ತಯಾರಿಲ್ಲ, ಶನಿವಾರ ಮತ್ತೆ ನೋಡಬೇಕು" ಎಂದು ಬರೆದಳು. ಆಮೇಲೆ ಮೊಬೈಲು ತೆಗೆದು ಗಂಡನಿಗೆ ಬರೆದಳು: "ಶನಿವಾರ ನಸುಕಿಗೇ ಹೋಗ್ತೀನಿ. ರೊಟ್ಟಿ ಮಾಡಂಗಿಲ್ಲ. ಡಬ್ಬಿ ನೀವ ಕಟ್ಕೊಳ್ರಿ, ಅತ್ತಿಗೂ ಅನ್ನಕ್ಕಿಡ್ರಿ. ಬೇಜಾರಾಗಬ್ಯಾಡ್ರಿ."

ಒಮ್ಮೆ ಓದಿದಳು. ಕೊನೆಯ ಮಾತನ್ನು ಅಳಿಸಿ ಕಳಿಸಿದಳು.