ಕೆಂಪಿ ಎಲ್ಲೂ ಹೋಗಲ್ಲ

ಗೆಳೆಯರೇ, ಇವತ್ತು ನಮ್ಮ ಹೊಳೆನರಸೀಪುರದ ಮನೆಗೆ ನಾಯಿಗಳಿಗೆ ಪಾಠ ಹೇಳುವವರೊಬ್ಬರು ಬಂದಿದ್ದರು. ಹಾಸನದ ಹೆಣ್ಣುಮಗಳು, ಇದೇ ಅವರ ಕೆಲಸ. ಹೋದ ವಾರ ನಮ್ಮ ನಾಯಿ ಕೆಂಪಿ ಹಾಲಿನವರ ಪ್ಯಾಂಟು ಹರಿದಿದ್ದಳು. ಅವತ್ತಿನಿಂದ ನನ್ನ ಮಾವನದು ಒಂದೇ ಮಾತು: "ಗೂಡ್ಸ್ ಆಟೋಗೆ ಆಕ್ಕೊಂಡೋಗಿ ಬೂವನಹಳ್ಳಿ ತಾವ ಬಿಟ್ಟು ಬಂದ್ಬುಡಿ."

ಆಕೆಯನ್ನು ನೋಡಿ ಮಾವ ನಕ್ಕರು. "ನಾಯಿಗೂ ಮೇಷ್ಟ್ರು ಬೇಕೇನವ್ವಾ? ನಾಕು ಬಿಟ್ರೆ ತಾನೇ ಬುದ್ಧಿ ಕಲೀತದೆ ಕಣ!"

ಆಕೆ ಜಗಲಿಯ ಮೇಲೆ ಕುಳಿತು ಕೆಂಪಿಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮಾವ ಕೋಲು ಹಿಡಿದು ಎದ್ದರು. ಕೆಂಪಿ ಹಲ್ಲು ಕಿರಿದು ಗುರುಗುಟ್ಟುತ್ತಲೇ ಅಲ್ಲೇ ಉಚ್ಚೆ ಹೊಯ್ದುಕೊಂಡಳು.

"ಇದು ಸಿಟ್ಟಲ್ಲ, ಭಯ. ಇವಳಿಗೆ ಯಾರು ಹೊಡೀತಾರೆ?" ಎಂದು ಆಕೆ ಕೇಳಿದರು.

ನಾನೇ ಮಾವನ ಕಡೆ ತಿರುಗಿ ಹೇಳಿದೆ: "ದಿನಾ ನೀವೇ ಒಡೀತೀರ ಮಾವ. ನೋಡ್ಕೊಂಡು ಸುಮ್ಕಿದ್ದಿದ್ದು ನನ್ನ ತಪ್ಪು. ಇನ್ಮ್ಯಾಕೆ ಸುಮ್ಕಿರಾಕಿಲ್ಲ. ಕೆಂಪಿ ಎಲ್ಲೂ ಓಗಲ್ಲ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮಾವನಿಗೆ ಎದುರು ಮಾತಾಡಿದ್ದು ಇದೇ ಮೊದಲು. ಆದರೂ ದನಿ ನಡುಗಲಿಲ್ಲ.

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಪೇಟೆ ಕಡೆ ಹೊರಟುಹೋದರು. ಪಾಠ ಹೇಳುವಾಕೆ ಇನ್ನು ಪ್ರತಿ ಭಾನುವಾರ ಬರುತ್ತಾರೆ. ಭಯ ಹೋಗಬೇಕಾದರೆ ಕೆಂಪಿಗೆ ದಿನವೂ ಅನ್ನ ಹಾಕಬೇಕಾದವರು ಮಾವನೇ, ಅದೂ ಕೋಲಿಲ್ಲದೆ ಬಂದು, ಎಂದು ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ.

ಈಗ ಅಡುಗೆಮನೆಗೆ ಬಂದ ನಮ್ಮತ್ತೆ ಮೆಲ್ಲಗೆ ಕೇಳಿದರು: "ಅಂಗೆ ಎದುರು ಮಾತಾಡೋದ ನಂಗೂ ವಸಿ ಯೋಳ್ಕೊಡವ್ವಾ."

ಕ್ಲಾಸು ಶುರುವಾಗಿದೆ.