ಬಳ್ಳಿಯ ಬುಡದ ಸಾಸಿವೆ

ಗುತ್ತೆವ್ವ ತನ್ನ ಕಡೆಗಾಲದ ಹತ್ತು ವರ್ಷ ಒಗ್ಗರಣೆಗೆ ಸಾಸಿವೆ ಹಾಕಲಿಲ್ಲ. ಯಾಕೆಂದು ಕೇಳಿದವರಿಗೆ “ಜೀರಗಿ ಸಾಕು” ಎಂದಷ್ಟೇ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಅದರ ಹಿಂದೆ ಒಂದು ಕಥೆಯಿದೆ.

ಸವಣೂರಿನ ಎಲೆತೋಟಗಳಲ್ಲಿ ಅವಳ ಹೆಬ್ಬೆರಳನ್ನು ಅರಿಯದವರಿರಲಿಲ್ಲ. ಆ ಬೆರಳಿಗೆ ಕಬ್ಬಿಣದ ಉಗುರು ತೊಟ್ಟು ಎಲೆ ಕೊಯ್ಯಲು ನಿಂತಳೆಂದರೆ, ತೊಟ್ಟು ಕತ್ತರಿಸಿದ್ದು ಬಳ್ಳಿಗೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಗಂಡ ತೀರಿಕೊಂಡ ವರ್ಷ ದುಂಡಸಿಯಿಂದ ಬಂದವಳು ಇಪ್ಪತ್ತು ವರ್ಷ ಎರಡೇ ತೋಟಗಳಲ್ಲಿ ದುಡಿದಳು. ಮೇಲಿನದು ಚನ್ನವೀರಪ್ಪನದು, ಕೆಳಗಿನದು ಖಾದರಸಾಬನದು. ಕೆರೆಯ ಕಾಲುವೆ ಮೊದಲು ಚನ್ನವೀರಪ್ಪನ ತೋಟ ಹಾದು, ಆಮೇಲೆ ಖಾದರಸಾಬನ ಬಳ್ಳಿಗಳಿಗೆ ಇಳಿಯುತ್ತಿತ್ತು. ಓದುವವರು ಈ ಕಾಲುವೆಯನ್ನು ನೆನಪಿನಲ್ಲಿಡಬೇಕು, ಗುತ್ತೆವ್ವ ಮರೆತದ್ದೇ ಅದನ್ನು.

ಅವಳದು ಮಾತು ಕಡಿಮೆ, ಸಿಟ್ಟು ಹೆಚ್ಚು. ಕೊಯ್ದ ಎಲೆಯನ್ನು ತುಳಿದವರನ್ನು ಬೈಯುವಾಗ ಮಾಲೀಕ ಯಾರು, ಆಳು ಯಾರು ಎಂದು ನೋಡುತ್ತಿರಲಿಲ್ಲ. ಮಕ್ಕಳಿಲ್ಲದ ನಿನಗೆ ಬಳ್ಳಿಗಳೇ ಮಕ್ಕಳು ಎಂದು ಯಾರಾದರೂ ಮರುಕಪಟ್ಟರೆ ರೇಗುತ್ತಿದ್ದಳು. “ಮಕ್ಕಳು ಹೇಳಿದ ಮಾತ ಕೇಳಂಗಿಲ್ಲ, ಬಳ್ಳಿ ಕೇಳತೈತಿ. ಎರಡೂ ಒಂದ ಹೆಂಗಾಗತಾವು?”

ಸಾವಿರದ ಒಂಬೈನೂರ ಮೂವತ್ತೆಂಟರ ಮಳೆಗಾಲ. ಚನ್ನವೀರಪ್ಪನ ತೋಟದ ಬಳ್ಳಿಗಳು ಇದ್ದಕ್ಕಿದ್ದಂತೆ ಬಾಡತೊಡಗಿದವು. ಸೋಮವಾರ ಹಸಿರಾಗಿದ್ದದ್ದು ಗುರುವಾರ ಜೋತುಬೀಳುತ್ತಿತ್ತು. ಬುಡ ಕೆದರಿದರೆ ಅರಳೆ ಮೆತ್ತಿದಂಥ ಬಿಳಿ ಎಳೆಗಳು, ಅವುಗಳ ನಡುವೆ ಕಂದು ಬಣ್ಣದ ದುಂಡನೆಯ ಕಾಳುಗಳು. ಥೇಟ್ ಸಾಸಿವೆ.

ಸಾಸಿವೆ ತಾನಾಗಿ ನಡೆದು ಬಳ್ಳಿಯ ಬುಡಕ್ಕೆ ಬರುತ್ತದೆಯೇ? ಚನ್ನವೀರಪ್ಪನ ಹೆಂಡತಿ ದಾನವ್ವ ಇದು ಮಾಟವೇ ಎಂದು ತೀರ್ಮಾನಿಸಿಬಿಟ್ಟಳು. ಕೆಳಗಿನ ತೋಟ ನಳನಳಿಸುತ್ತಿತ್ತು. ಎರಡೂ ತೋಟಗಳ ಬಳ್ಳಿ ಮುಟ್ಟುವವಳು ಗುತ್ತೆವ್ವ ಒಬ್ಬಳೇ.

“ಇದು ನಿನ್ನ ಕೆಲಸ ಹೌದೋ ಅಲ್ಲೋ?” ಎಂದು ದಾನವ್ವ ಆಳುಗಳೆಲ್ಲರ ಮುಂದೆ ಅವಳನ್ನು ಕೇಳಿದಳು.

“ಅಲ್ರಿ ಅಕ್ಕಾರ. ಇಪ್ಪತ್ತ ವರ್ಷ ಜ್ವಾಕಿ ಮಾಡಿದ ಬಳ್ಳಿಗೆ ನಾ ಯಾಕ ಹಂಗ ಮಾಡ್ಲಿ?”

“ಹಂಗಾರ ನೀನ ಅದನ್ನ ಆರಿಸಿ ಹರಿಯೋ ನೀರಿಗೆ ಬಿಡು. ಮಾಟ ಮಾಡಿದಾಕಿ ಮುಟ್ಟಿದ್ರ ಅಂಗೈಗೆ ಬೊಬ್ಬಿ ಏಳತಾವು. ಏಳಲಿಲ್ಲಂದ್ರ ನೀ ಖರೇ.”

ಮಾಟದ ವಸ್ತುವನ್ನು ಹರಿಯುವ ನೀರಿಗೆ ಬಿಡುವುದು ಆ ಕಡೆ ಎಲ್ಲರೂ ಬಲ್ಲ ಉಪಾಯ. ಗುತ್ತೆವ್ವನಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು. ಆದರೆ ಒಲ್ಲೆ ಎಂದಿದ್ದರೆ ಊರಿನ ಯಾವ ತೋಟಕ್ಕೂ ಅವಳನ್ನು ಕರೆಯುತ್ತಿರಲಿಲ್ಲ. ಮೊಣಕಾಲೂರಿ, ಸಾಲು ಸಾಲಾಗಿ ಕಾಳು ಆರಿಸಿ ಸೆರಗಿಗೆ ತುಂಬಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ದಂಡೆಯಲ್ಲಿ ನಿಂತು ಸೆರಗು ಕೊಡವಿದಳು. ಕಾಳು ಮುಳುಗಲಿಲ್ಲ, ತೇಲುತ್ತ ತೇಲುತ್ತ ಬೇಲಿ ದಾಟಿ ಹೋದವು. ದಾನವ್ವ ಅವಳ ಎರಡೂ ಅಂಗೈ ತಿರುವಿ ತಿರುವಿ ನೋಡಿದಳು. ಒಂದು ಗುಳ್ಳೆಯೂ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ಗುತ್ತೆವ್ವ ಅಂದು ಹೊಟ್ಟೆ ತುಂಬ ಉಂಡಳು.

ಮೂರು ವಾರ ಕಳೆಯುವುದರೊಳಗೆ ಖಾದರಸಾಬನ ತೋಟದಲ್ಲಿ ಕಾಲುವೆಯ ಪಕ್ಕದ ಸಾಲು ಬಾಡಿತು.

ಖಾದರಸಾಬನಿಗೆ ಇದ್ದದ್ದು ಅದೊಂದೇ ತೋಟ. ಗುತ್ತೆವ್ವನನ್ನು ತಂಗಿ ಎಂದೇ ಕರೆಯುತ್ತಿದ್ದ ಮನುಷ್ಯ. ಅವನ ಹೆಂಡತಿ ರಹಿಮಾಬಿ ತನ್ನ ಮನೆಯ ಹಬ್ಬದ ಅಡುಗೆಯಲ್ಲಿ ಅವಳ ಪಾಲು ಎತ್ತಿಡದೆ ಉಣ್ಣುತ್ತಿರಲಿಲ್ಲ. ಮಾಟ ಎಂದವರನ್ನೆಲ್ಲ ಗದರಿ, ಅವನು ಧಾರವಾಡದ ಬೇಸಾಯದ ಕಚೇರಿಗೆ ಹೋಗಿ ಮಹಾಲಿಂಗಪ್ಪ ಎಂಬ ಇನ್‌ಸ್ಪೆಕ್ಟರನ್ನು ಕರೆತಂದ. ಅವರು ಭೂತಗನ್ನಡಿ ಹಿಡಿದು ಬಳ್ಳಿಯ ಬುಡದಲ್ಲಿ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತರು.

“ಇದು ಮಾಟಾನೂ ಅಲ್ಲ, ಸಾಸ್ವೀನೂ ಅಲ್ಲ,” ಎಂದರು. “ತಿಪ್ಪಿ ಮ್ಯಾಲೆ ಏಳೋ ಅಣಬಿ ಕುಲದ್ದು, ಒಂಥರಾ ಬೂಷ್ಟು. ಈ ಬಿಳಿ ಎಳಿ ಅದರ ಮೈ, ಈ ಕಾಳು ಅದರ ಬುತ್ತಿ. ಉಣ್ಣಾಕ ಸಿಗದಾಗ ಕಾಳಾಗಿ ಮಲಗತೈತಿ. ವರ್ಷಗಟ್ಟಲೆ ಮಣ್ಣಾಗಿದ್ರೂ ಸಾಯಂಗಿಲ್ಲ.”

“ಇಂಥಾ ದರಿದ್ರದ್ದನ್ನ ದೇವರು ಯಾಕ ಹುಟ್ಟಿಸ್ಯಾನ್ರಿ?” ಎಂದಳು ರಹಿಮಾಬಿ.

“ಹಂಗನ್ನಬ್ಯಾಡ್ರಿ. ಇದರ ಅಣ್ಣತಮ್ಮರು ಇಲ್ಲದಿದ್ರ ಬಿದ್ದ ಎಲಿ ಕೊಳೀತಿದ್ದಿಲ್ಲ, ತಿಪ್ಪಿ ಗೊಬ್ಬರ ಆಗತಿದ್ದಿಲ್ಲ. ಸತ್ತದ್ದನ್ನ ಮಣ್ಣ ಮಾಡಿ ಬಳ್ಳಿಗೆ ಉಣಸೋರು ಅವರ. ಇದು ಜೀವ ಇದ್ದದ್ದಕ್ಕೂ ಬಾಯಿ ಹಾಕೈತಿ, ಅಷ್ಟ.”

ಬೇಲಿಯ ಹತ್ತಿರ ನಿಂತಿದ್ದ ಗುತ್ತೆವ್ವನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಮಾಟವೇ ಅಲ್ಲವೆಂದ ಮೇಲೆ ಮಾಟಗಾತಿ ಎಲ್ಲಿಂದ ಬಂದಳು? ಅಷ್ಟರಲ್ಲಿ ಖಾದರಸಾಬ ಕೇಳಿದ:

“ಮ್ಯಾಲಿನ ತ್ವಾಟದಿಂದ ನನ್ನ ತ್ವಾಟಕ್ಕ ಹೆಂಗ ಬಂತ್ರಿ?”

“ಈ ಕಾಳು ನೀರಾಗ ತೇಲತಾವು. ಮಳಿಗೆ ಕೊಚ್ಚಿಗೊಂಡು ಕಾಲುವಿ ಹಿಡದು ಬಂದಿರಬೇಕು.”

ಯಾರೂ ಅವಳತ್ತ ನೋಡಲಿಲ್ಲ. ಅವಳು ಸುಮ್ಮನಿದ್ದಿದ್ದರೆ ತಪ್ಪೆಲ್ಲ ಮಳೆಯ ತಲೆಗೆ ಹೋಗುತ್ತಿತ್ತು. ಇನ್‌ಸ್ಪೆಕ್ಟರು ಎದ್ದು ಕೈ ತೊಳೆಯುವವರೆಗೂ ಅವಳು ಸುಮ್ಮನೆಯೇ ಇದ್ದಳು. ಅಷ್ಟೂ ಹೊತ್ತು ತೇಲಿಹೋದ ಕಾಳುಗಳೇ ಕಣ್ಣ ಮುಂದೆ ಬರುತ್ತಿದ್ದವು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

“ಮಳಿ ಅಲ್ಲಣ್ಣಾ,” ಎಂದಳು. “ಸೆರಗ ತುಂಬ ನಾನ ಬಿಟ್ಟೇನಿ. ದಾನಕ್ಕಾರು ಬಿಡು ಅಂದ್ರು, ಬಿಟ್ಟೆ. ಕೆಳಗ ನಿಮ್ಮ ತ್ವಾಟ ಐತಿ ಅನ್ನೋದ ನನಗ ನೆನಪಾಗಲಿಲ್ಲ. ನನ್ನ ಹೆಸರ ಉಳದ್ರ ಸಾಕಾಗಿತ್ತು.”

ಖಾದರಸಾಬ ತಲೆಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ರೋಗ ಹತ್ತಿದ್ದನ್ನೆಲ್ಲಾ ಕಿತ್ತು ಸುಡಬೇಕಂತ,” ಎಂದ ಕೊನೆಗೆ. “ನಾಳಿ ಬಾ. ನನ್ನೊಬ್ಬನಿಂದ ಆಗಂಗಿಲ್ಲ.”

ಮರುದಿನ ಬೆಳಿಗ್ಗೆ ದಾನವ್ವನ ಮನೆಯಿಂದ ಕರೆ ಬಂತು. ನಿನ್ನ ಕೈ ಸ್ವಚ್ಛ ಇರುವುದು ಊರಿಗೇ ತಿಳಿದಿದೆ, ಕೆಲಸಕ್ಕೆ ಬಾ ಎಂದು. ಗುತ್ತೆವ್ವ ಹೋಗಲಿಲ್ಲ. ಕಬ್ಬಿಣದ ಉಗುರನ್ನು ಬಿಚ್ಚಿ ಮನೆಯ ಗೂಡಿನಲ್ಲಿಟ್ಟು ಕೆಳಗಿನ ತೋಟಕ್ಕೆ ನಡೆದಳು. ತಾನೇ ಎಲೆ ಕೊಯ್ದಿದ್ದ ಬಳ್ಳಿಗಳನ್ನು ಮೂರು ದಿನ ಬುಡಸಹಿತ ಕಿತ್ತಳು, ಸುತ್ತಲಿನ ಮಣ್ಣನ್ನೂ ಬಾಚಿ ಬೆಂಕಿಗೆ ಸುರಿದಳು. ಅರ್ಧ ತೋಟ ಬರಿದಾಯಿತು. ಖಾದರಸಾಬ ಎದುರಿನ ಸಾಲಿನಲ್ಲಿ ಕೀಳುತ್ತಿದ್ದ. ಮೂರು ದಿನವೂ ಅವಳನ್ನು ತಂಗಿ ಎಂದು ಕರೆಯಲಿಲ್ಲ.

ಕಡೆಯ ದಿನ ಸಂಜೆ ರಹಿಮಾಬಿ ಅವಳ ಕೈ ಹಿಡಿದು ನೋಡಿ, ಒಳಗಿನಿಂದ ಬೆಣ್ಣೆ ತಂದಳು.

“ಬೆಂಕಿಗೆ ಅಷ್ಟ ಹತ್ರ ಹೋಗಬ್ಯಾಡ ಅಂತ ಎಷ್ಟ ಸಲ ಹೇಳಿದೆ? ನೋಡ, ಸುಟ್ಟು ಬೊಬ್ಬಿ ಎದ್ದಾವು.”

ಗುತ್ತೆವ್ವ ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು.

“ಬೆಂಕೀವಲ್ಲ, ವೈನಿ. ಇವು ಅವತ್ತ ಏಳಬೇಕಾಗಿದ್ದವು. ತಡಾ ಆಗಿ ಎದ್ದಾವು,” ಎಂದಳು.