ಒಂದೇ ಕಂಬದ ಎರಡು ಕೇಬಲ್‌ಗಳು

ಕುಸನೂರ ರಸ್ತೆಯ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಲ್ಕಪ್ಪ ಆಗಲೇ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೂದಲಷ್ಟು ತೆಳುವಾದ ಗಾಜಿನ ಎಳೆಯನ್ನು ಒರೆಸಿ ಬೆಸೆಯುತ್ತಿದ್ದಾರೆ. ಕಲಬುರಗಿಯಿಂದ ಕಮಲಾಪುರದ ಆಚೆಯವರೆಗೆ ಇಂಟರ್ನೆಟ್ ಕೇಬಲ್ ಹರಿದಲ್ಲೆಲ್ಲ ಓಡುವ, ಒಂದು ಕಂಪನಿಯ ಲೈನ್‌ಮನ್ ಇವರು. ನೆಟ್ ಬಂದಾಗ ಯಾರಿಗೂ ಇವರ ನೆನಪಿಲ್ಲ. ಹೋದಾಗ ಮಾತ್ರ ಊರಿಗೂರೇ ಬೈಯುತ್ತದೆ.

ಅದೇ ಕಂಬದ ಮೇಲೆ ಇನ್ನೊಂದು ಕಂಪನಿಯ ಕೇಬಲ್ಲೂ ಇದೆ. ನಡುವೆ ಒಂದು ಗೇಣು, ಅಷ್ಟೇ. ಆದರೆ ಈ ಕಂಪನಿಯ ಗಿರಾಕಿ ಕಳಿಸಿದ್ದು ಪಕ್ಕದ ಮನೆಯ ಆ ಕಂಪನಿಯ ಗಿರಾಕಿಗೆ ಮುಟ್ಟಬೇಕಾದರೆ ಹೈದರಾಬಾದಿಗೆ ಹೋಗಿಯೇ ಬರಬೇಕು. ಎರಡು ಜಾಲಗಳೂ ಕೂಡುವುದು ಅಲ್ಲಿ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಕಲಬುರಗಿಯಲ್ಲೇ ಕೂಡಿಸಿ ಎಂದರೆ ದೊಡ್ಡ ಕಂಪನಿಗೆ ಸಣ್ಣವರ ಸಹವಾಸ ಬೇಡ, ಸಣ್ಣದಕ್ಕೆ ಖರ್ಚಿನ ಭಯ.

"ನೀ ಹೇಳೂದು ಖರೆ ಅದ ಮಲ್ಕಪ್ಪ. ಸರ್ಕಾರ ಕಾಯ್ದೆ ಮಾಡಿದ್ರ ನಾಳೇನೇ ಕೂಡಸ್ತೀವಿ. ಅಲ್ಲೀತನಕ ಮೊದಲು ನಾವ್ಯಾಕ ಬಗ್ಗಬೇಕು?" ಎನ್ನುತ್ತಾರೆ ಅವರ ಕಂಪನಿಯ ಎಂಜಿನಿಯರ್ ಅಮರನಾಥ. ಈ ಹಟಕ್ಕೆ ಒಂದು ಜೀವವೇ ಹೋಗಿದೆ ಎಂಬುದು ಅವರಿಗೂ ಗೊತ್ತು.

ಹೋದವರು ಇಮಾಮುದ್ದೀನ್, ಆ ಇನ್ನೊಂದು ಕಂಪನಿಯ ಲೈನ್‌ಮನ್. ಮಾಲೀಕರದು ಹಾವು ಮುಂಗುಸಿಯ ಸಂಬಂಧವಾದರೂ ಈ ಇಬ್ಬರದು ಒಂದೇ ಬುತ್ತಿ. ಲೈನ್‌ಮನ್‌ಗಳಲ್ಲಿ ಒಂದು ರೂಢಿಯಿದೆ: ಎರಡೂ ಕೇಬಲ್ ಹರಿದರೆ, ಮೊದಲು ಮುಟ್ಟಿದವನು ತನ್ನ ಕಂಪನಿಯದನ್ನು ಬೆಸೆದು, ಕೂಡಲೇ ಗೆಳೆಯನದಕ್ಕೂ ಕೈ ಹಚ್ಚಬೇಕು.

ಕಳೆದ ಬೇಸಿಗೆಯಲ್ಲಿ ಕಮಲಾಪುರದ ಆಚೆ, ಹೈದರಾಬಾದಿಗೆ ಹೋಗುವ ಹುಮನಾಬಾದ್ ದಾರಿಯಲ್ಲಿ ಜೆಸಿಬಿ ನೆಲದಡಿಯ ಎರಡೂ ಕೇಬಲ್ ಕಿತ್ತಿತು. ಮಲ್ಕಪ್ಪ ಮೊದಲು ಮುಟ್ಟಿದರು. ಹಿಂದೆ ಬರುತ್ತಿದ್ದ ಇಮಾಮುದ್ದೀನ್‌ಗೆ ಕಮಲಾಪುರದಲ್ಲೇ ಎದೆನೋವು ಬಂತು. ಅಲ್ಲಿನ ಖಾಸಗಿ ದವಾಖಾನೆಯವರು ಇಸಿಜಿ ತೆಗೆದರು. ಕಲಬುರಗಿಯ ಖೂಬಾ ಪ್ಲಾಟ್‌ನ ಹೃದಯ ತಜ್ಞರು ಅದನ್ನು ನೋಡಿ ಹೂಂ ಎಂದರೆ ಮಾತ್ರ ಹೆಪ್ಪು ಕರಗಿಸುವ ಇಂಜೆಕ್ಷನ್. ದವಾಖಾನೆಯ ನೆಟ್ ಇಮಾಮುದ್ದೀನ್ ಕಂಪನಿಯದು, ತಜ್ಞರದು ಮಲ್ಕಪ್ಪನವರ ಕಂಪನಿಯದು. ಕಮಲಾಪುರದಿಂದ ಕಲಬುರಗಿಗೆ ಬರುವ ಕೇಬಲ್ ಎಲ್ಲೂ ಹರಿದಿರಲಿಲ್ಲ. ಆದರೂ ಇಸಿಜಿ ಹೈದರಾಬಾದ್ ದಾರಿ ಹಿಡಿದು, ಇಮಾಮುದ್ದೀನ್ ಕಂಪನಿಯ ಕೇಬಲ್ ಹರಿದಲ್ಲೇ ಸಿಕ್ಕಿಬಿತ್ತು. ಅಲ್ಲಿನ ಮೊಬೈಲ್ ಟವರ್‌ಗಳೂ ಇನ್ನೂ ಬೆಸೆಯದ ಆ ಕೇಬಲನ್ನೇ ನಂಬಿದ್ದವು, ಫೋನೂ ಹತ್ತಲಿಲ್ಲ. ಕೊನೆಗೆ ಗಾಡಿಯಲ್ಲಿ ಹಾಕಿಕೊಂಡು ಕಲಬುರಗಿಗೆ ಹೊರಟರು. ಅರ್ಧ ದಾರಿಯಲ್ಲೇ ಎಲ್ಲ ಮುಗಿಯಿತು.

"ನನಗ ಗೊತ್ತೇ ಇರಲಿಲ್ರೀ," ಎನ್ನುವಾಗ ಮಲ್ಕಪ್ಪನವರ ಕೈ ನಿಲ್ಲುತ್ತದೆ. "ನಮ್ಮದು ಬೆಸೆದೆ. ಅವನದಕ್ಕೂ ಕೈ ಹಚ್ಚಬೇಕಿತ್ತು. ಈಗ ಬರ್ತಾನ, ತನ್ನದು ತಾ ನೋಡ್ಕೋತಾನ ಅಂತ ಚಾ ಕುಡಕೋತ ಕುಂತೆ."

ಚಹಾ ಕುಡಿದದ್ದು ಮಲ್ಕಪ್ಪನವರ ತಪ್ಪು ಎನ್ನುವುದಾದರೆ, ಕೈಗೆಟಕುವ ಎರಡು ಜಾಲಗಳನ್ನು ಬೇರೆಯಿಟ್ಟು ಕೂತವರದು ಏನು? ಅವರನ್ನು ಯಾರೂ ಕೇಳಿಲ್ಲ. ಮಲ್ಕಪ್ಪ ಮಾತ್ರ ಅಂದಿನಿಂದ ಚಹಾ ಬಿಟ್ಟಿದ್ದಾರೆ.

ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆಗೆ ಇಮಾಮುದ್ದೀನ್ ಪತ್ನಿ ಲತೀಫಾ ಕರೆ ಕಳಿಸಿದ್ದರು. ಮಲ್ಕಪ್ಪ ಹೋದವರು ಹೊಸ್ತಿಲ ಹೊರಗೇ ನಿಂತರು. ಲತೀಫಾ ಬೈಯಲಿಲ್ಲ, ಅಳಲೂ ಇಲ್ಲ. "ಭೈಯಾ, ಎರಡೂ ವೈರ್ ನಮ್ಮ ಮನಿ ಮುಂದನೇ ಹಾದಾವ. ಇಲ್ಲೇ ಯಾಕ ಕೂಡಸಂಗಿಲ್ಲ?" ಎಂದು ಕೇಳಿದರು. ಮಲ್ಕಪ್ಪ ಹೊಸ್ತಿಲಿಂದಲೇ ತಿರುಗಿ ಬಂದರು.

ನಿಮಗೇನು ಬೇಕು ಎಂದು ಕೇಳಿದರೆ ಎಳೆ ಬೆಸೆಯುವ ಯಂತ್ರದ ಮುಚ್ಚಳ ಹಾಕುತ್ತಾರೆ. "ಶಾಲು ಹಾರ ಬ್ಯಾಡ್ರೀ. ಕಾಯ್ದೆ ಬರ್ಲಿ, ಆ ಎರಡು ಎಳಿ ನಾನೇ ಬೆಸೀತೀನಿ. ಅಲ್ಲೀತನಕ ಆಕೀ ಹೊಸ್ತಿಲ ಹೆಂಗ ದಾಟ್ಲಿ? ಕಾಯ್ದೆ ಇರಲಿಲ್ಲವ್ವಾ, ಅದಕ್ಕ ನಿನ್ನ ಗಂಡ ಸತ್ತ ಅಂತ ಯಾವ ಬಾಯಿಲೆ ಹೇಳ್ಲಿ?"